ಡಬಲ್ ಬಾಸಿನ ನಾಲ್ಕು ಸ್ವರ

ಎಡವಟ್ಟಾದದ್ದು ನಾಲ್ಕೇ ನಾಲ್ಕು ಸ್ವರದಿಂದ. ನಕಾಶೆ ಕಚೇರಿಯ ಗುಮಾಸ್ತ ಬೆಳಿಗ್ಗೆ ಬೆಳಿಗ್ಗೆಯೇ ಮನೆಯಲ್ಲಿ ಸಾಹೇಬರ ಗ್ರಾಮಫೋನ್ ರೆಕಾರ್ಡಿಗೆ ಮುಳ್ಳು ಇಳಿಸಿ ಕೂತಿದ್ದ. "ಕೇಳಿಬಿಟ್ಟು ಸಂಜೆ ಮನೆಗೆ ತಂದುಕೊಡಿ. ನಿಮ್ಮ ಕೆಲಸ ಕಾಯಂ ಮಾಡೋ ಕಾಗದಕ್ಕೂ ಆಗಲೇ ಸಹಿ ಹಾಕ್ತೀನಿ" ಎಂದಿದ್ದರು ಸಾಹೇಬರು. ಆರು ವರ್ಷ ಕಾದ ಸಹಿ!

ಅಮೆರಿಕದ ಜಾಝ್ ಸಂಗೀತ ಅವನಿಗೆ ಹೊಸದು. ನುಡಿಸುವವರು ಇಬ್ಬರೇ: ಒಬ್ಬನದು ಪಿಯಾನೊ, ಇನ್ನೊಬ್ಬನದು ಆಳೆತ್ತರದ ತಂತಿವಾದ್ಯ, ಡಬಲ್ ಬಾಸ್. ಮೊದಲೇ ಬರೆದಿಟ್ಟದ್ದೇನೂ ಇಲ್ಲ. ಆಶುಕವಿಗಳ ಹಾಗೆ ಒಬ್ಬ ಬಿಟ್ಟ ಸಾಲನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಗುಮಾಸ್ತನ ಕಣ್ಣು ತಾನಾಗಿ ಮುಚ್ಚಿತು. ಅಷ್ಟರಲ್ಲಿ ಪಿಯಾನೊ ಸುಮ್ಮನಾಯಿತು. ಬಾಸ್ ಮಾತ್ರ ಧುಂ ಧುಂ ಧುಂ ಧುಂ. ಮತ್ತೆ ಅದೇ ಧುಂ ಧುಂ ಧುಂ ಧುಂ.

ಪಕ್ಕದ ಮನೆಯ ಹೊಲಿಗೆಯಮ್ಮ ಅಳತೆ ಟೇಪು ಕೊರಳಲ್ಲಿದ್ದಂತೆಯೇ ನುಗ್ಗಿ ಬಂದರು. "ಏನಪ್ಪಾ, ಮುಳ್ಳು ಸಿಕ್ಕಿಹಾಕ್ಕೊಂಡಿದೆ, ಗೊತ್ತಾಗಲ್ವಾ?"

"ಅದು ಹಾಗೇ ಇರಬಹುದಮ್ಮಾ..."

"ಒಂದೇ ಕಡೆ ಮೂವತ್ತು ಸಲ ಹೊಲಿದ್ರೆ ಬಟ್ಟೆ ಉಳಿಯುತ್ತಾ? ರೆಕಾರ್ಡು ತೂತಾಗುತ್ತೆ, ನೋಡ್ತಿರು!"

"ಹೌದು ರೀ," ಅಡುಗೆಮನೆಯಿಂದ ಹೆಂಡತಿಯ ದನಿ. "ನೀವು ಸಾಹೇಬರ ಹತ್ತಿರ 'ಹೌದು ಸಾರ್, ಹೌದು ಸಾರ್' ಅಂದ ಹಾಗೇ ಕೇಳಿಸ್ತಿದೆ."

ಗುಮಾಸ್ತ ಗಾಬರಿಯಾಗಿ ಮುಳ್ಳೆತ್ತಲು ಹೋದ. ಮುಳ್ಳು ಜಾರಿತು. ಕರ್ರ್! ರೆಕಾರ್ಡಿನ ಮೇಲೆ ಕೂದಲೆಳೆಯಂಥ ಗೀರು. ಅದರ ರಟ್ಟಿನ ಹೊದಿಕೆ ತಿರುಗಿಸಿದರೆ ಹಿಂಬದಿಯಲ್ಲಿ ಅಚ್ಚಾಗಿತ್ತು: 'ಇಲ್ಲಿ ಬಾಸಿನವನು ಒಂದೇ ನುಡಿ ಹಿಡಿದು ಗೆಳೆಯನಿಗಾಗಿ ಕಾಯುತ್ತಾನೆ.'

"ಮೊದಲೇ ಓದೋದಲ್ವೇನಪ್ಪಾ?" ಎಂದು ಹೊಲಿಗೆಯಮ್ಮ ಜಾಗ ಖಾಲಿ ಮಾಡಿದರು.

ಗೀರು ಕಾಣದಿರಲೆಂದು ಹೆಂಡತಿ ಎಣ್ಣೆ ಸವರಿದಳು. ಗೀರು ಫಳಫಳ ಹೊಳೆಯಿತು. ಕಚೇರಿಯಲ್ಲಿ ಅವನು ಗೀರಿಗೆ ನಕಾಶೆಯ ಕಪ್ಪು ಶಾಯಿ ತುಂಬಿದ. ಪಕ್ಕದ ಮೇಜಿನವನು ಬಗ್ಗಿ ನೋಡಿ, "ಹೊಳೆ ಚೆನ್ನಾಗಿ ಬಂದಿದೆ. ಸೇತುವೆ ಎಲ್ಲಿ?" ಎಂದ.

ಸಂಜೆ ಸಾಹೇಬರ ಮನೆ. ಅವರ ಒಂದು ಕೈಯಲ್ಲಿ ಕಾಗದ, ಪೆನ್ನು. ಇನ್ನೊಂದರಿಂದ ಮುಳ್ಳು ಇಳಿಸಿದರು. ಧುಂ ಧುಂ ಧುಂ ಧುಂ, ಕಟಕ್! ಮುಳ್ಳು ಗೀರಿನಲ್ಲಿ ಮುಂದಕ್ಕೆ ಹಾರಿ, ಪಿಯಾನೊ ದನಿ ಗಬಕ್ಕನೆ ಶುರುವಾಯಿತು. ಗುಮಾಸ್ತ ಕಣ್ಣು ಮುಚ್ಚಿದ. ಈ ಸಲ ಭಕ್ತಿಯಿಂದಲ್ಲ.

"ಭೇಷ್!" ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಹತ್ತು ವರ್ಷದಿಂದ ಇಲ್ಲೇ ಸಿಕ್ಕಿಹಾಕ್ಕೊಳ್ತಿತ್ತು ಕಣ್ರೀ! ಯಾವ ಅಂಗಡಿಯವನ ಕೈಲೂ ಆಗಿರಲಿಲ್ಲ. ನೀವೇ ರಿಪೇರಿ ಮಾಡಿದ್ರಾ?"

ನಿಜ ನಾಲಿಗೆಯ ತುದಿಯವರೆಗೂ ಬಂತು. ಆದರೆ ಪೆನ್ನಿನ ಮೊನೆ ಕಾಗದಕ್ಕೆ ಇನ್ನೇನು ತಾಗುವುದರಲ್ಲಿತ್ತು.

"ಹೌದು ಸಾರ್."

"ಹಾಗಾದ್ರೆ ತಡೀರಿ!" ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಬೀರು ತೆಗೆದರು. "ಇದೇ ಜೋಡಿಯ ಇನ್ನೂ ಹದಿನೇಳು ರೆಕಾರ್ಡು ಇವೆ. ಈ ಬಾಸಿನವನು ಎಲ್ಲದರಲ್ಲೂ ಎಲ್ಲೋ ಒಂದು ಕಡೆ ಸಿಕ್ಕಿಹಾಕ್ಕೊಳ್ತಾನೆ. ಎಲ್ಲಾ ಸರಿಮಾಡಿ ತನ್ನಿ. ಸಹಿ ಎಲ್ಲಿ ಓಡಿಹೋಗುತ್ತೆ?"

"ಹೌದು ಸಾರ್," ಎಂದ ಗುಮಾಸ್ತ. "ಹೌದು ಸಾರ್. ಹೌದು ಸಾರ್. ಹೌದು ಸಾರ್."

ಇದು ಮಾತ್ರ ಸಿಕ್ಕಿಹಾಕಿಕೊಂಡಿದೆ ಎಂದು ಸಾಹೇಬರಿಗೆ ಆರು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ.