ಅತ್ತೆಯ ವರ್ಗಾವಣೆ

"ಇನ್ನೂರು ಜನ ಡ್ರೈವರ್‌ಗಳನ್ನ ದಿನಾ ಬೆರಳ ತುದೀಲಿ ಆಡಿಸೋನು ನಾನು! ಚಡ್ಡಿ ಹಾಕ್ಕೊಂಡ ಹನ್ನೊಂದು ಜನ ಯಾವ ಲೆಕ್ಕ?"

ಬಸ್ ಡಿಪೋದಲ್ಲಿ ಯಾರಿಗೆ ಯಾವ ಬಸ್ಸು, ಯಾವ ಪಾಳಿ ಎಂದು ಹಂಚುವ ಡ್ಯೂಟಿ ಗುಮಾಸ್ತರು ಈ ಘೋಷಣೆ ಮಾಡಿದ್ದು ಸ್ವಂತ ಮನೆಯ ಸೋಫಾದ ಮೇಲೆ ನಿಂತು. ಘೋಷಣೆಗೆ ಎತ್ತರ ಬೇಕೆಂದೇನಲ್ಲ. ಕೆಳಗೆ ಹೆಂಡತಿ ನೆಲ ಒರೆಸುತ್ತಿದ್ದಳು. ಒದ್ದೆ ನೆಲಕ್ಕೆ ಕಾಲಿಟ್ಟರೆ ಆ ಕಾಲು ಮುರಿಯುವುದಾಗಿ ಎಚ್ಚರಿಕೆ ಆಗಲೇ ಬಂದಿತ್ತು.

"ಮೂರೇ ಸೀಸನ್! ಮೂರು ಸೀಸನ್‌ನಲ್ಲಿ ಈ ಕ್ಲಬ್ಬನ್ನ ಚಾಂಪಿಯನ್ ಮಾಡ್ಲಿಲ್ಲ ಅಂದ್ರೆ ಮೀಸೆ ಬೋಳಿಸ್ತೀನಿ!"

"ಮೊದ್ಲು ಬೆಳೆಸಿ," ಎಂದಳು ಹೆಂಡತಿ, ಬಕೆಟ್ಟನ್ನು ಮುಂದಕ್ಕೆ ತಳ್ಳುತ್ತಾ.

ಇದಕ್ಕೆಲ್ಲ ಕಾರಣ ಭಾವಮೈದ. ಹೊಸ ವಿಡಿಯೋ ಗೇಮ್ ಪೆಟ್ಟಿಗೆ ಕೊಂಡ ಅವನು, ಹಳೆಯದನ್ನು "ನಮ್ಮನೇಲಿ ಜಾಗ ಇಲ್ಲ ಭಾವ, ಸ್ವಲ್ಪ ದಿನ ಇಟ್ಕೊಳ್ಳಿ" ಎಂದು ತಂದಿಟ್ಟು ಹೋಗಿದ್ದ. ಅದರೊಳಗೆ ಒಂದು ಫುಟ್‌ಬಾಲ್ ಆಟವಿತ್ತು. ಅದರಲ್ಲಿ ನಾವು ಚೆಂಡು ಒದೆಯುವ ಹಾಗಿಲ್ಲ, ನಾವು ಕ್ಲಬ್ಬಿನ ಮ್ಯಾನೇಜರ್. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ಅಪ್ಪಣೆ ಕೊಡುವುದಷ್ಟೇ ನಮ್ಮ ಕೆಲಸ. ಪಂದ್ಯವನ್ನು ಯಂತ್ರವೇ ಆಡಿಸುತ್ತದೆ, ನಾವು ಕೂತು ಕಿರುಚಬೇಕು. ಅಂದರೆ ಸಾಕ್ಷಾತ್ ಡಿಪೋ ಕೆಲಸ! ಗುಮಾಸ್ತರು ಬೇಕೆಂದೇ ಮೂರನೇ ದರ್ಜೆಯ ಕಟ್ಟಕಡೆಯ ಕ್ಲಬ್ಬನ್ನು ಆರಿಸಿಕೊಂಡರು. ಮೇಲಿದ್ದವರನ್ನು ಮೇಲೆತ್ತುವುದು ಯಾವ ದೊಡ್ಡಸ್ತಿಕೆ?

ಮೊದಲ ವಿಘ್ನ ಹೆಸರುಗಳಿಂದ ಬಂತು. ಪರದೆಯ ಮೇಲಿನ ಆಟಗಾರರ ಹೆಸರುಗಳು ಗುಮಾಸ್ತರ ನಾಲಿಗೆಗೆ ಹೊರಳುತ್ತಿರಲಿಲ್ಲ. ಒಬ್ಬನನ್ನು ಹೆಸರು ಹಿಡಿದು ಬೈಯಲು ಹೊರಟರೆ, ಹೆಸರು ಅರ್ಧ ಮುಗಿಯುವಷ್ಟರಲ್ಲಿ ಚೆಂಡು ಗೋಲಿನೊಳಗೆ! ಹೆಸರು ಹಿಡಿದು ಬೈಯಲಾಗದವನು ಎಂಥ ಮ್ಯಾನೇಜರ್? ಅದೃಷ್ಟಕ್ಕೆ ಹೆಸರು ಬದಲಿಸುವ ಸೌಲಭ್ಯ ಆಟದಲ್ಲೇ ಇತ್ತು. ಗುಮಾಸ್ತರು ಒಂದು ಸಂಜೆ ಕೂತು ಇಡೀ ತಂಡಕ್ಕೆ ನಾಮಕರಣ ಮಾಡಿಬಿಟ್ಟರು.

ಗೋಲು ಕಾಯುವವನಿಗೆ 'ಮಾವ' ಎಂದಿಟ್ಟರು. ಮಾವನವರು ಕೈಗೆ ಬಂದ ಟಿವಿ ರಿಮೋಟನ್ನು ಜನ್ಮದಲ್ಲಿ ಬಿಟ್ಟುಕೊಟ್ಟವರಲ್ಲ. ಮೈದಾನದ ನಡುವೆ ಎರಡೂ ಕಡೆಗೆ ಓಡಾಡಿ ಸಾಯುವವನಿಗೆ 'ಹೆಂಡತಿ'. ("ಅಲ್ಲೂ ನಾನೇ ಓಡ್ಬೇಕಾ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.) ಷಡ್ಡಕನ ಮನೆ ತಮ್ಮ ಮನೆಗಿಂತ ದೊಡ್ಡದಾದ್ದರಿಂದ ಅವನನ್ನು ಕಾಯಂ ಆಗಿ ಬೆಂಚಿನ ಮೇಲೆ ಕೂರಿಸಿದರು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವ, ತಲೆತುಂಬ ಕೂದಲಿರುವ ಸುಂದರಾಂಗನಿಗೆ ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಸಭ್ಯತೆಯಲ್ಲವೆಂದು ವಿನಯದಿಂದ 'ಅಳಿಯ' ಎಂದಷ್ಟೇ ಬರೆದರು.

ಹೀಗೆ ಎಲ್ಲರಿಗೂ ಹೆಸರಿಟ್ಟು ಕೊನೆಗೆ ಉಳಿದವನು ಒಬ್ಬ ರಕ್ಷಣೆಯ ಆಟಗಾರ. ಆರಡಿ ಮೈಕಟ್ಟು, ಬೋಳು ತಲೆ, ಎದೆಗಿಳಿದ ಗಡ್ಡ. ಆ ಮುಖ ನೋಡಿದರೇ ಎದುರಾಳಿ ಬೇರೆ ದಾರಿ ಹಿಡಿಯಬೇಕು. ಗುಮಾಸ್ತರು ಅರೆಕ್ಷಣವೂ ಯೋಚಿಸದೆ 'ಅತ್ತೆ' ಎಂದು ಬರೆದರು.

ಈ ಅತ್ತೆಯ ವಿಚಾರ ಸ್ವಲ್ಪ ಹೇಳಬೇಕು. ಅವರು ಎರಡು ಬೀದಿ ಆಚೆಗೇ ಇದ್ದರೂ ಅಳಿಯನ ಜೊತೆ ಮಾತು ಬಲು ಕಡಿಮೆ. ಜಗಳವೇನೂ ಇರಲಿಲ್ಲ. ಮಗಳನ್ನು ಇವನಿಗಿಂತ ಒಳ್ಳೆಯವನಿಗೆ ಕೊಡಬಹುದಿತ್ತು ಎಂಬ ಅಭಿಪ್ರಾಯ ಅವರಿಗಿತ್ತು, ಅದನ್ನು ಬಾಯಿಬಿಟ್ಟು ಹೇಳದಷ್ಟು ದೊಡ್ಡತನವೂ ಇತ್ತು. ಫೋನ್ ಮಾಡಿದಾಗ ಗುಮಾಸ್ತರು ಎತ್ತಿದರೆ "ಅವಳಿಗೆ ಕೊಡಿ" ಎನ್ನುತ್ತಿದ್ದರು, ಅಷ್ಟೇ. ಇನ್ನೂರು ಡ್ರೈವರ್‌ಗಳಿಂದ ಸಲಾಮು ಹೊಡೆಸಿಕೊಳ್ಳುವ ಮನುಷ್ಯನಿಗೆ ಆ ಎರಡು ಪದದಿಂದ ಒಳಗೊಳಗೇ ಬಹಳ ನೋವಾಗುತ್ತಿತ್ತು.

ಭಾನುವಾರದ ಊಟಕ್ಕೆ ಅತ್ತೆ ಮಾವ ಬಂದಾಗ ಟಿವಿಯಲ್ಲಿ ಪಂದ್ಯ ನಡೆಯುತ್ತಿತ್ತು. ಆರಿಸುವಷ್ಟರಲ್ಲಿ ಅತ್ತೆ ನೋಡಿಬಿಟ್ಟರು.

"ಆ ಬೋಳುತಲೆಯವನ ಮೇಲೆ 'ಅತ್ತೆ' ಅಂತ ಯಾಕೆ ಬರ್ತಿದೆ?"

ಗುಮಾಸ್ತರು ದೇವರ ಮೇಲೆ ಭಾರ ಹಾಕಿ ಹೇಳಿದರು: "ಅದು... ನೀವೇ ಅತ್ತೆ."

ಸರಿಯಾಗಿ ಆ ಹೊತ್ತಿಗೇ ಪರದೆಯ ಮೇಲಿನ ಅತ್ತೆ ನೆಲದ ಮೇಲೆ ಜಾರಿ, ಎದುರಾಳಿಯ ಕಾಲಡಿಯಿಂದ ಚೆಂಡು ಕಿತ್ತು, ಅವನನ್ನು ಮೂರು ಪಲ್ಟಿ ಹೊಡೆಸಿ ಎದ್ದು ನಿಂತರು. ಕ್ರೀಡಾಂಗಣ ಹುಚ್ಚೆದ್ದು ಕೂಗಿತು! ಅತ್ತೆ ಕುರ್ಚಿಯ ತುದಿಗೆ ಸರಿದರು.

"ಇನ್ನೊಂದ್ಸಲ ತೋರಿಸಿ."

ತೋರಿಸಿದರು. ಅತ್ತೆ ಕಣ್ಣು ಕಿರಿದು ಮಾಡಿ ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು.

"ಗಡ್ಡ ಒಂದು ತೆಗೆಸಿಬಿಡಿ. ಬಾಕಿ ಎಲ್ಲ ಸರಿಯಾಗಿದೆ."

ಅಂದಿನಿಂದ ಗುಮಾಸ್ತರ ನಸೀಬೇ ತಿರುಗಿತು. ಆಟದಲ್ಲಿ ಒಂದು ಸೀಸನ್ ಮುಗಿಯಲು ನಮ್ಮ ಲೆಕ್ಕದ ಎರಡು ಮೂರು ವಾರ ಸಾಕು. ಮೊದಲ ಸೀಸನ್‌ನಲ್ಲೇ ತಂಡ ಎರಡನೇ ದರ್ಜೆಗೆ ಏರಿತು. ಅತ್ತೆಗೆ ವರ್ಷದ ಶ್ರೇಷ್ಠ ರಕ್ಷಕ ಪ್ರಶಸ್ತಿ! ಮರುದಿನ ಫೋನ್ ಬಂತು. ಗುಮಾಸ್ತರು ಎತ್ತಿ, ಅಭ್ಯಾಸಬಲದಿಂದ "ಕೊಡ್ತೀನಿ ಇರಿ" ಎಂದರು.

"ಅವಳು ಬೇಡ. ನಿಮ್ಮ ಹತ್ರಾನೇ ಮಾತಾಡ್ಬೇಕಿತ್ತು," ಎಂದರು ಅತ್ತೆ. "ನಾಳೆ ಮ್ಯಾಚಿಗೆ ನಾನಿದೀನಾ?"

ಗುಮಾಸ್ತರು ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅದನ್ನು ಹಿಡಿದೇ ನಿಂತಿದ್ದರು.

ಎರಡನೇ ಸೀಸನ್‌ನಲ್ಲಿ ಆಟದೊಳಗಿನ ಅತ್ತೆಯ ಮಂಡಿಗೆ ಪೆಟ್ಟಾಯಿತು. ವಿಷಯ ತಿಳಿದದ್ದೇ ತಡ, ಎರಡು ಬೀದಿ ಆಚೆಯ ಅತ್ತೆ ಕಾಲು ಚಾಚಿ ಮಲಗಿಬಿಟ್ಟರು.

"ಆರು ವಾರ ವಿಶ್ರಾಂತಿ ಅಂತ ತಂಡದ ಡಾಕ್ಟ್ರು ಹೇಳಿದಾರೆ," ಎಂದು ಮಗಳಿಗೆ ಹೇಳಿದರಂತೆ. ಮಾವನವರು ಅಡುಗೆಗೆ ಇಳಿದರು. ಒಂದು ವಾರದಲ್ಲಿ ಎರಡು ಪಾತ್ರೆ ತಳ ಹಿಡಿದು, ಒಂದು ಕುಕ್ಕರ್ ಬಾಯಿ ಬಿಡದೆ ಹಟ ಹಿಡಿದು, ಕೊನೆಗೆ ಮಾವನವರೇ ಡಿಪೋಗೆ ಬಂದರು.

"ಅಳಿಯಂದ್ರೆ, ಅವಳ್ನ ಬೇಗ ಗುಣ ಮಾಡಿಸಿ. ನನ್ನ ಕೈಲಾಗಲ್ಲ!"

"ಮಾವ, ಅದು ನನ್ನ ಕೈಲಿಲ್ಲ!"

"ಮತ್ತೆ ಎಂಥ ಮ್ಯಾನೇಜರ್ ನೀವು?"

ಇಷ್ಟಾದರೂ ತಂಡ ಒಂದನೇ ದರ್ಜೆಗೆ ಏರಿತು. ಇನ್ನುಳಿದದ್ದು ಚಾಂಪಿಯನ್ ಪಟ್ಟ, ಅಷ್ಟೇ. ಗುಮಾಸ್ತರು ಬೀಗಿದರು. ಅನಾಹುತವಾಗಿದ್ದೂ ಆಗಲೇ.

ಡಿಪೋದಲ್ಲಿ ಹಳೇ ಬಸ್ಸುಗಳನ್ನು ಬೇರೆ ಡಿಪೋಗೆ ಸಾಗಹಾಕುವ ಕೆಲಸವೂ ಗುಮಾಸ್ತರದೇ. ಅದರಲ್ಲಿ ಅವರದೊಂದು ಪದ್ಧತಿ. ಬಸ್ಸಿನ ನಂಬರು ಕಂಡರೆ ಅದರ ಡ್ರೈವರ್ ನೆನಪಾಗುತ್ತಾನೆ, ಅವನು ನೆನಪಾದರೆ ಮನಸ್ಸು ಕರಗುತ್ತದೆ. ಅದಕ್ಕೇ ಬಸ್ಸುಗಳ ಪಟ್ಟಿಯಲ್ಲಿ ನಂಬರಿನ ಕಡೆ ಅಂಗೈ ಅಡ್ಡ ಹಿಡಿದು, ವಯಸ್ಸು, ವೇಗ, ರಿಪೇರಿ ಇಷ್ಟನ್ನೇ ನೋಡಿ ಹೊಡೆದುಹಾಕುತ್ತಿದ್ದರು. ಪಕ್ಷಪಾತದ ಮಾತೇ ಇಲ್ಲ! ಸಾಹೇಬರೇ ಅವರನ್ನು ಇದಕ್ಕಾಗಿ ಹೊಗಳಿದ್ದುಂಟು.

ಮೂರನೇ ಸೀಸನ್‌ನ ನಡುವೆ ಆಟಗಾರರನ್ನು ಮಾರುವ ಕೊಳ್ಳುವ ಬಾಗಿಲು ತೆರೆಯಿತು. ಬೆಳಗ್ಗೆ ಡ್ಯೂಟಿಗೆ ಹೊರಡುವ ಅವಸರದಲ್ಲಿ, ಒಂದು ಕಾಲಿಗೆ ಬೂಟು ಹಾಕಿಕೊಂಡು, ಗುಮಾಸ್ತರು ಟಿವಿಯ ಮುಂದೆ ನಿಂತರು. ಎಡಗೈ ತಾನಾಗಿಯೇ ಮೇಲೆದ್ದು ಹೆಸರುಗಳನ್ನು ಮರೆಮಾಡಿತು. ವಯಸ್ಸು: ಆಯಿತು. ವೇಗ: ಆಮೆಗೆ ಸಮ. ರಿಪೇರಿ: ಮಂಡಿ. "ನಡಿ ಆಚೆಗೆ!" ಎಂದು ಗುಂಡಿ ಒತ್ತಿದರು. ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು.

'ಅತ್ತೆಯನ್ನು ಮಾರಲಾಗಿದೆ. ಅಭಿನಂದನೆಗಳು!'

ಇನ್ನೊಂದು ಬೂಟು ಕೈಯಿಂದ ಜಾರಿತು. ಕೊಂಡವರು ಕೆಂಪಂಗಿ ತಂಡದವರು, ಪಟ್ಟಕ್ಕೆ ಇವರ ಜೊತೆ ಪೈಪೋಟಿಯಲ್ಲಿದ್ದ ಕಡು ವೈರಿಗಳು! ಗುಮಾಸ್ತರು ತಕ್ಷಣ ವಾಪಸ್ ಕೊಳ್ಳಲು ಹೋದರು. 'ಅತ್ತೆ ಮಾರಾಟಕ್ಕಿಲ್ಲ' ಎಂದು ಉತ್ತರ ಬಂತು. ಹೆಚ್ಚು ಕೊಡುತ್ತೇವೆಂದರು. 'ನಿಮ್ಮ ಕ್ಲಬ್ಬಿಗೆ ಮರಳಲು ಅತ್ತೆಗೆ ಆಸಕ್ತಿ ಇಲ್ಲ' ಎಂದು ಬಂತು. ಪೆಟ್ಟಿಗೆಯ ವೈರನ್ನೇ ಕಿತ್ತು ಮತ್ತೆ ಸಿಕ್ಕಿಸಿದರು. ಆ ಮನೆಹಾಳು ಆಟ ಎಲ್ಲವನ್ನೂ ತಾನೇ ನೆನಪಿಟ್ಟುಕೊಳ್ಳುವ ಜಾತಿಯದು. ಮಾರಿದ್ದು ಮಾರಿದ್ದೇ!

ಸಂಜೆ ಫೋನ್ ಬಂತು. "ನಾಳೆ ನಾನಿದೀನಾ?"

"ನಾಳೆ... ನಿಮಗೆ ವಿಶ್ರಾಂತಿ ಅತ್ತೆ. ದೊಡ್ಡ ಮ್ಯಾಚಿಗೆ ಅಂತ ಉಳಿಸಿಟ್ಟಿದೀನಿ."

"ಒಳ್ಳೇದಾಯ್ತು. ಎಷ್ಟು ಮುತುವರ್ಜಿ ನಿಮಗೆ!" ಎಂದರು ಅತ್ತೆ. ಗುಮಾಸ್ತರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ದೊಡ್ಡ ಮ್ಯಾಚು ಬಂದೇ ಬಂತು. ಸೀಸನ್‌ನ ಕೊನೆಯ ಪಂದ್ಯ, ಎದುರಾಳಿ ಕೆಂಪಂಗಿಯವರೇ. ಸಮ ಮಾಡಿಕೊಂಡರೂ ಗುಮಾಸ್ತರೇ ಚಾಂಪಿಯನ್. ಕರೆಂಟು ಹೋಗಲಿ ಎಂದು ಅವರು ಕಂಡ ದೇವರಿಗೆಲ್ಲ ಕೈಮುಗಿದರು. ದಿನಾ ಹೋಗುವ ಕರೆಂಟು ಆ ಭಾನುವಾರ ಕದಲಲಿಲ್ಲ. ಹಾಲ್‌ನಲ್ಲಿ ಅತ್ತೆ, ಮಾವ, ಭಾವಮೈದ. ಅತ್ತೆ ಆ ದಿನಕ್ಕೆಂದು ಹೊಸ ಸೀರೆ ಉಟ್ಟಿದ್ದರು. ತಂಡಗಳು ಸಾಲಾಗಿ ಮೈದಾನಕ್ಕೆ ಇಳಿದವು.

ಹೆಂಡತಿ ಮೊದಲು ನೋಡಿದಳು. "ರೀ... ಅಮ್ಮ ಯಾಕೆ ಆ ಕಡೆ ನಿಂತಿದಾಳೆ?"

"ಅದು... ಒಂದು ಸಣ್ಣ ವರ್ಗಾವಣೆ..."

"ನಮ್ಮಮ್ಮನ್ನ ಮಾರಿದ್ರಾ?!"

"ಮಾರಿದೆ ಅಂತಲ್ಲ ಕಣೇ, ಕೈ ತಪ್ಪಿ..."

"ಎಷ್ಟಕ್ಕೆ?" ಎಂದು ಮಾವನವರು ಕುತೂಹಲದಿಂದ ಕೇಳಿ, ಅತ್ತೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: "ಯಾಕೆ ಅಳಿಯಂದ್ರೆ? ನಾನೇನು ಕಮ್ಮಿ ಮಾಡಿದ್ದೆ?"

"ವಯಸ್ಸು ಅತ್ತೆ... ವೇಗ ಕೂಡ... ಹೆಸರು ನೋಡ್ಲಿಲ್ಲ..."

ಅತ್ತೆ ಎದ್ದರು. ತಮ್ಮ ಕುರ್ಚಿಯನ್ನು ಎತ್ತಿ ಹಾಲ್‌ನ ಆಚೆ ಬದಿಗೆ ಹಾಕಿಕೊಂಡು ಕೂತರು. "ಶುರು ಮಾಡಿ," ಎಂದರು.

ಅದು ಪಂದ್ಯವಾಗಿರಲಿಲ್ಲ ಸ್ವಾಮಿ, ಅಳಿಯನ ಮೆರವಣಿಗೆ! 'ಅಳಿಯ' ಚೆಂಡು ಹಿಡಿದು ಎಡಕ್ಕೆ ಹೋದರೆ ಅತ್ತೆ, ಬಲಕ್ಕೆ ಹೋದರೆ ಅತ್ತೆ. ಒಮ್ಮೆ ಭುಜ ತಾಕಿ 'ಅಳಿಯ' ಜಾಹೀರಾತಿನ ಹಲಗೆಯಾಚೆ ಹೋಗಿ ಬಿದ್ದ. ಆಚೆ ಬದಿಯ ಕುರ್ಚಿಯಿಂದ "ಹಾಗೇ ಆಗ್ಬೇಕು!" ಎಂದು ಕೇಳಿತು. ಆದರೂ ಗೋಲಿಲ್ಲದೆ ಪಂದ್ಯ ಕೊನೆಗೆ ಬಂತು. ಇನ್ನು ಒಂದೇ ನಿಮಿಷ ಕಳೆದರೆ ಗುಮಾಸ್ತರಿಗೆ ಪಟ್ಟ! ಅಷ್ಟರಲ್ಲಿ ಮೂಲೆಯಿಂದ ಚೆಂಡು ತೇಲಿ ಬಂತು. ಸವೆದ ಮಂಡಿಯ ಅತ್ತೆ ಎಲ್ಲರ ತಲೆ ಮೇಲೆ ಎದ್ದರು. ಬೋಳುತಲೆ ಫಳ್ ಎಂದು ಹೊಳೆಯಿತು. ಗೋಲ್!

"ಮಾವಾ! ಕೈಯಾದ್ರೂ ಎತ್ತಬಾರ್ದಿತ್ತೇ!" ಎಂದು ಗುಮಾಸ್ತರು ಪರದೆಯತ್ತ ಅರಚಿದರು.

ಉತ್ತರ ಪಕ್ಕದಿಂದ ಬಂತು. "ಅವಳು ನುಗ್ಗಿ ಬಂದಾಗ ನಾನು ಯಾವತ್ತು ಅಡ್ಡ ನಿಂತಿದೀನಿ?" ಎಂದರು ಮಾವನವರು.

ಅತ್ತೆ ಕುರ್ಚಿಯಿಂದ ಎಗರಿ ಚಪ್ಪಾಳೆ ತಟ್ಟಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ, ಊಟವನ್ನೂ ಮಾಡದೆ ಹೊರಟುಹೋದರು.

ಪಟ್ಟ ಹೋಯಿತು. ಮೂರು ದಿನದಲ್ಲಿ ಕ್ಲಬ್ಬಿನ ಆಡಳಿತ ಮಂಡಳಿ 'ಇದುವರೆಗಿನ ಸೇವೆಗೆ ಧನ್ಯವಾದ' ಎಂದು ಗುಮಾಸ್ತರನ್ನು ಕೆಲಸದಿಂದಲೂ ಕಿತ್ತುಹಾಕಿತು. ಅವರಿಗೆ ಅದ್ಯಾವುದೂ ಅಷ್ಟು ಚುಚ್ಚಲಿಲ್ಲ. ಸಂಜೆಯ ಫೋನ್ ನಿಂತಿತ್ತಲ್ಲ, ಅದು ಚುಚ್ಚಿತು. ಡಿಪೋದಲ್ಲಿ ಹಳೇ ಬಸ್ಸಿನ ಮುಂದೆ ನಿಂತು ಅವರು ಅದರ ನಂಬರನ್ನು ಎರಡೆರಡು ಸಲ ಓದಿ, "ಇರ್ಲಿ ಬಿಡಿ, ಇನ್ನೊಂದು ವರ್ಷ ಓಡುತ್ತೆ" ಎಂದದ್ದನ್ನು ಕೇಳಿದ ಮೆಕ್ಯಾನಿಕ್, ಗುಮಾಸ್ತರಿಗೆ ಹುಷಾರಿಲ್ಲವೇನೋ ಎಂದುಕೊಂಡ.

"ಹೋಗಿ ಒಂದು ಮಾತು ತಪ್ಪಾಯ್ತು ಅನ್ನಿ," ಎಂದಳು ಹೆಂಡತಿ. ಹೋದರು, ಅಂದರು. ಅತ್ತೆ "ಹೂಂ" ಎಂದರು. ಮುಂದಿನ ಭಾನುವಾರ ಮಾತ್ರ ತಾವಾಗಿಯೇ ಬಂದು ಟಿವಿಯ ಮುಂದೆ ಕೂತರು.

"ಹಾಕಿ ನೋಡೋಣ. ನನ್ನ ಕಥೆ ಏನಾಯ್ತು?"

ಕೆಲಸ ಕಳೆದುಕೊಂಡ ಮ್ಯಾನೇಜರ್‌ಗೆ ಈ ಆಟದಲ್ಲಿ ಸುದ್ದಿ ಓದುವುದು ಬಿಟ್ಟು ಬೇರೆ ಕೆಲಸವಿಲ್ಲ. ಗುಮಾಸ್ತರು ಒಂದೊಂದೇ ಓದಿದರು. ಅತ್ತೆ ಆಟದಿಂದ ನಿವೃತ್ತಿ. ಕೆಂಪಂಗಿ ತಂಡಕ್ಕೆ ಹೊಸ ಮ್ಯಾನೇಜರ್ ಆಗಿ ಅತ್ತೆ ನೇಮಕ! ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಂದಿನ ಸುದ್ದಿ ನೋಡಿ ಗುಮಾಸ್ತರು ಸೋಫಾದಿಂದ ಎದ್ದೇ ನಿಂತರು. ಹೊಸ ಮ್ಯಾನೇಜರ್ ಮಾಡಿದ ಮೊಟ್ಟಮೊದಲ ಖರೀದಿ: 'ಅಳಿಯ'!

"ಅತ್ತೆ! ನನ್ನನ್ನ ತಗೊಂಡಿದೀರಾ!" ಗುಮಾಸ್ತರ ಕಣ್ಣಲ್ಲಿ ನಿಜಕ್ಕೂ ನೀರು ಬಂತು. "ಅಂದ್ರೆ ನನ್ನ ಮೇಲೆ ಕೋಪ ಇಲ್ಲ!"

ಅಷ್ಟರಲ್ಲಿ ಕೆಂಪಂಗಿಯವರ ಮೊದಲ ಪಂದ್ಯ ಶುರುವಾಯಿತು. ಹನ್ನೊಂದು ಹೆಸರು ಸಾಲಾಗಿ ಬಂದವು. ಗುಮಾಸ್ತರು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು. ಆಮೇಲೆ ಬೆಂಚಿನ ತೀರಾ ತುದಿಯಲ್ಲಿ, ನೀರಿನ ಬಾಟಲಿಗಳ ಪಕ್ಕ, ತಲೆತುಂಬ ಕೂದಲಿನ ಸುಂದರಾಂಗ ಕಾಣಿಸಿದ.

"ಅತ್ತೆ, ನಾನು ಆಡ್ತಾ ಇಲ್ವಲ್ಲ?"

ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅಳಿಯಂದ್ರು ಅನ್ನೋ ದಾಕ್ಷಿಣ್ಯಕ್ಕೆ ತಗೊಂಡೆ. ಆಡಿಸ್ತೀನಿ ಅಂತ ಯಾರು ಹೇಳಿದ್ರು?"