ಬಂದ್ ಆಗದ ಖಾರದ ಅಂಗಡಿ

ಸವಣೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೇವು-ಚೂಡಾ ಕರಿದು ಮಾರುವ ಖಾರದ ಅಂಗಡಿ ಇಟ್ಟಿದ್ದ ಮಕ್ತುಮ್‌ಸಾಬರು ಬಾಡಿಗೆ ಜಾಗ ಬಿಟ್ಟು ಅಕ್ಕಿಆಲೂರಿಗೆ ಹೋದರು. ಕಡಾಯಿ ಒಯ್ದರು, ತಕ್ಕಡಿ ಒಯ್ದರು, ಗೋಡೆಯ ಮೊಳೆಯನ್ನೂ ಕಿತ್ತೊಯ್ದರು. ಅಂಗಡಿಯ ಪರವಾನಗಿಯನ್ನು ಮಾತ್ರ ನಮ್ಮ ವಿಳಾಸದಲ್ಲೇ ಬಿಟ್ಟು ಹೋದರು.

ಇದು ಗೊತ್ತಾದದ್ದು ನನ್ನ ಹೆಂಡತಿ ಗಿರಿಜಾ ಅದೇ ಕೋಣೆಯಲ್ಲಿ ಹೊಲಿಗೆ ಅಂಗಡಿ ತೆರೆಯಲು ಅರ್ಜಿ ಹಾಕಿದಾಗ. ಹಳೆಯ ಅಂಗಡಿ ಬಂದ್ ಆಗಿದೆಯೆಂದು ಸಾಹೇಬರು ಬಂದು ಕಣ್ಣಾರೆ ನೋಡಬೇಕು, ಆಮೇಲೇ ಹೊಸದು ಎಂದರು ಪುರಸಭೆ ಕಚೇರಿಯವರು. ಮದುವೆಯಾದಾಗಿನಿಂದ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಓಣಿಯವರ ಜಂಪರ್ ಹೊಲಿದವಳು ಗಿರಿಜಾ. ತನ್ನ ಹೆಸರಿನ ಬೋರ್ಡನ್ನೂ ಆಸೆಯಿಂದ ಬರೆಸಿಟ್ಟಿದ್ದಳು. ಅದು ಮಂಚದ ಕೆಳಗೆ ಬಿದ್ದಿರುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

“ನೀ ಸುಮ್ನ ಕುಂದ್ರು. ನಾ ನೋಡ್ಕೋತೇನಿ,” ಎಂದೆ. ಎಂಥೆಂಥ ಚೆಕಿಂಗ್ ಇನ್ಸ್‌ಪೆಕ್ಟರುಗಳನ್ನು ನಿಭಾಯಿಸಿ ನಿವೃತ್ತನಾದ ಬಸ್ ಕಂಡಕ್ಟರ್ ನಾನು. ಇದ್ಯಾವ ಲೆಕ್ಕ!

ಮೊದಲ ತೊಡಕು ಗಿರಾಕಿಗಳದು. ಮಕ್ತುಮ್‌ಸಾಬರ ಖಾರ ಹುಡುಕಿಕೊಂಡು ಬಂದವರು ನಮ್ಮ ಬಾಗಿಲು ಬಡಿಯುತ್ತಲೇ ಇದ್ದರು. ಹಿರೇಕೆರೂರಿನಿಂದ ಬಸ್ಸಿನಲ್ಲಿ ನಿಂತೇ ಬಂದ ಅಜ್ಜಿಯೊಬ್ಬಳನ್ನು ಬರಿಗೈಯಲ್ಲಿ ಕಳಿಸಲು ಕಂಡಕ್ಟರನ ಕರುಳು ಒಪ್ಪಲಿಲ್ಲ. ಪೇಟೆಗೆ ಓಡಿ ಒಂದು ಪೊಟ್ಟಣ ತಂದುಕೊಟ್ಟೆ. ಮರುದಿನ ಅವಳ ಓಣಿಯವರೇ ಬಂದರು! ಪ್ರತಿ ಸಲ ಯಾರು ಓಡುವವರು ಎಂದು ಒಂದು ಡಬ್ಬಿ ಖಾರ ತಂದು ಅದೇ ಕೋಣೆಯಲ್ಲಿ ಇಟ್ಟುಕೊಂಡೆ. ಗಿರಿಜಾ ಹಣೆ ಚಚ್ಚಿಕೊಂಡಳು. ತಂದ ದರಕ್ಕೇ ಕೊಡುತ್ತಿದ್ದೇನೆ, ಇದು ವ್ಯಾಪಾರವಲ್ಲ, ಧರ್ಮ ಎಂದು ಅವಳಿಗೆ ತಿಳಿಹೇಳಿದೆ.

ಸಾಹೇಬರು ಬಂದರು. ಕಡಾಯಿ ಇಲ್ಲ, ತಕ್ಕಡಿ ಇಲ್ಲ. ತೃಪ್ತರಾಗಿ ಪೆನ್ನು ತೆಗೆದರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಮನೆಗೆ ಬಂದವರನ್ನು ಖಾರ ತಿನ್ನಿಸದೆ ಕಳಿಸಿದರೆ ಸವಣೂರಿನ ಮರ್ಯಾದೆ ಏನಾಗಬೇಕು? ಡಬ್ಬಿ ತೆರೆದು ತಟ್ಟೆ ತುಂಬ ಸುರಿದೆ. ಸಾಹೇಬರು ತಿಂದರು, ಬಹಳ ಚೆನ್ನಾಗಿದೆ ಎಂದರು. ಅಷ್ಟು ಅಂದ ಮೇಲೆ ಮನೆಯವರಿಗೂ ಇರಲೆಂದು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟತೊಡಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಇಬ್ಬರು ನಿಂತು, ತಮಗೂ ಅರ್ಧ ಕೆಜಿ ಬೇಕೆಂದರು.

“ಅಂಗಡಿ ಬಂದ್ ಆಗೇತಿ ಅಂದಿದ್ರಲ್ರಿ?” ಎಂದರು ಸಾಹೇಬರು.

“ಪೂರಾ ಬಂದ್ ಐತ್ರಿ ಸರ,” ಎಂದೆ, ಪೊಟ್ಟಣಕ್ಕೆ ದಾರ ಸುತ್ತುತ್ತಾ.

ವ್ಯಾಪಾರ ಭರ್ಜರಿ ನಡೆದಿದೆ ಎಂದು ಬರೆದುಕೊಂಡರು. ಪೊಟ್ಟಣವನ್ನು ಸಾಕ್ಷಿಗೆಂದು ಒಯ್ದರು.

ಗಿರಿಜಾ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಡೆಯಲಾರದೆ ಮಕ್ತುಮ್‌ಸಾಬರಿಗೆ ಫೋನ್ ಮಾಡಿದೆ. ಪಾಪ, ಅವರು ಮರುದಿನ ಮೊದಲ ಬಸ್ಸಿಗೇ ಬಂದರು. ಬರುವಾಗ ಒಂದು ಚೀಲ ಖಾರವನ್ನೂ ತಂದರು! ಗಿರಿಜಾ ಅದನ್ನು ಹೊಸ್ತಿಲಲ್ಲೇ ಇಸಿದುಕೊಂಡು ಪಕ್ಕದ ಮನೆಗೆ ದಾಟಿಸಿದಳು.

“ತಪ್ಪು ನಂದ ಐತ್ರಿ ಅಕ್ಕಾರ. ನಡೀರಿ, ನಾನ ಬಂದು ಹೇಳ್ತೇನಿ,” ಎಂದು ಸಾಬರು ಅವಳ ಜೊತೆ ಕಚೇರಿಗೆ ಹೋಗಿ, ತಮ್ಮ ಪರವಾನಗಿ ರದ್ದು ಮಾಡಲು ಬರೆದುಕೊಟ್ಟರು.

ಸಾಹೇಬರು ಎರಡನೆಯ ಸಲ ನೋಡಲು ಬರುವ ದಿನ ಗಿರಿಜಾ ನನ್ನನ್ನು ದಾರದ ಉಂಡೆ ತರಲು ಶಿಗ್ಗಾವಿಗೆ ಕಳಿಸಿದಳು. ಆ ದಾರ ನಮ್ಮ ಓಣಿಯಲ್ಲೇ ಸಿಗುತ್ತದೆ. ಆದರೂ ಹೋದೆ.

ಪರವಾನಗಿ ಬಂತು. ಬೋರ್ಡು ಬಾಗಿಲ ಮೇಲೇರಿತು. ತನ್ನ ಹೆಸರನ್ನು ತಾನೇ ಓದಿಕೊಳ್ಳುತ್ತಾ ಗಿರಿಜಾ ಬೀದಿಯಲ್ಲಿ ನಿಂತೇ ಇದ್ದಳು. ಅವಳ ಮುಖ ನೋಡಿ ನನಗೂ ಕಣ್ಣು ತುಂಬಿತು. ಇದರಲ್ಲಿ ನನ್ನದೂ ಒಂದಿಷ್ಟು ಪಾಲಿದೆಯಲ್ಲ ಎಂದು ಮೆಲ್ಲಗೆ ಕೆದಕಿದೆ.

“ಐತಲ್ರಿ. ಆವತ್ತು ನೀವು ಮನ್ಯಾಗ ಇರ್ಲಿಲ್ಲ,” ಎಂದಳು.

ಪರವಾನಗಿಯನ್ನು ವರ್ಷವರ್ಷ ಹೊಸದು ಮಾಡಿಸಬೇಕಂತೆ. ಮುಂದಿನ ಸಲ ನನ್ನನ್ನು ಇನ್ನೂ ದೂರದ ಹಾನಗಲ್ಲಿಗೆ ಕಳಿಸುವುದೆಂದು ಈಗಲೇ ತೀರ್ಮಾನವಾಗಿದೆ.