ಗೂಬೆಗೆ ಮನೆ ಬಿಟ್ಟುಕೊಟ್ಟ ದೊಡ್ಡವ್ವ

ನಮ್ಮ ದೊಡ್ಡವ್ವನಂಥ ಅಂಜುಬುರುಕಿ ಇಡೀ ಗದಗ ಜಿಲ್ಲೆಯಲ್ಲೇ ಇಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವಳ ಮುಂದೆ ಮಾತ್ರ ಹೇಳುವುದಿಲ್ಲ, ಕೇಳಿ ಹೆದರಿಬಿಟ್ಟಾಳು! ನನ್ನ ತಾಯಿಯ ಅಕ್ಕನಾದ ಈಕೆ ಮಿಕ್ಸರಿಗೆ ಅಂಜುತ್ತಾಳೆ, ಲಿಫ್ಟಿಗೆ ಅಂಜುತ್ತಾಳೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾಳೆ.

ನನಗೋ ಹಕ್ಕಿ ನೋಡುವ ಹುಚ್ಚು. ಒಮ್ಮೆ ಅವಳನ್ನೂ ಶಿರಹಟ್ಟಿ ಕಡೆಯ ಕೆರೆಗೆ ಕರೆದೊಯ್ದೆ. ಹಿಮಾಲಯ ದಾಟಿ ಬಂದ ಹೆಬ್ಬಾತುಗಳು ಗದ್ದಲ ಮಾಡುತ್ತ ಒಟ್ಟಿಗೇ ಮೇಲೆದ್ದವು. ನಾನು ದುರ್ಬೀನು ಎತ್ತುವಷ್ಟರಲ್ಲಿ ದೊಡ್ಡವ್ವ ಕಾರಿನೊಳಗೆ ಕೂತು ಗಾಜು ಏರಿಸಿದ್ದಳು.

"ಅಷ್ಟು ದೂರದಿಂದ ಬಂದಾವಂದ್ರ ಏನರೆ ಮನಸಿನ್ಯಾಗ ಇಟ್ಕೊಂಡೇ ಬಂದಿರ್ತಾವಲೇ!" ಎಂದಳು.

ಇಂಥವಳ ಲಕ್ಷ್ಮೇಶ್ವರದ ಮನೆಯ ಅಟ್ಟದಿಂದ ಹೋದ ವರ್ಷ ಬುಸ್ ಬುಸ್ ಎಂದು ಸದ್ದು ಬಂತು. ಹಾವೆಂದು ಚೀರಿ ನನ್ನನ್ನು ಕರೆಸಿದಳು. ಏಣಿ ಹತ್ತಿ ನೋಡಿದೆ. ಕಣಜ ಗೂಬೆಯ ಮರಿಗಳು!

"ಅಯ್ಯೋ, ಹಾವಾಗಿದ್ರ ಬೇಷಿತ್ತಲ್ಲೋ!" ಎಂದು ಅಳುವುದೇ?

ಗೂಬೆ ಹೊಕ್ಕ ಮನೆಯಲ್ಲಿ ಸಂಸಾರ ಮಾಡಬಾರದು, ಕೀಲಿ ಹಾಕಿ ಹೊರಗಿರಬೇಕೆಂಬುದು ನಮ್ಮ ಕಡೆಯ ನಂಬಿಕೆ. ಇಲಿ ತಿನ್ನುವ ಪಾಪದ ಹಕ್ಕಿ ಎಂದು ನಾನು ಎಷ್ಟೇ ಹೇಳಿದರೂ ಕೇಳಲಿಲ್ಲ. ಕೋಲಿನಿಂದ ಎಬ್ಬಿಸಿ ಓಡಿಸಿದರಾಯಿತು ಎಂದ ಶೇಂಗಾ ವ್ಯಾಪಾರಿ ದೊಡ್ಡಪ್ಪನ ಮೇಲೆ ಮಾತ್ರ ಹರಿಹಾಯ್ದಳು.

"ಬಾಣಂತಿನ್ನ ಹೊರಗ ಹಾಕಿದ್ರ ಶಾಪ ತಟ್ಟೂದಿಲ್ಲೇನ್ರಿ?"

ಗೂಬೆಗೂ ಅಂಜಿಕೆ, ಅದರ ಶಾಪಕ್ಕೂ ಅಂಜಿಕೆ! ಕೊನೆಗೆ ಮನೆಗೆ ಕೀಲಿ ಬಿತ್ತು. ಗೂಬೆ ಒಡೆದ ಬೆಳಕಿಂಡಿಯಿಂದ ಆರಾಮಾಗಿ ಹೋಗಿಬರತೊಡಗಿತು. ಗಂಡಹೆಂಡಿರು ಹಿತ್ತಲಿನ ತಗಡಿನ ಶೆಡ್ಡು ಸೇರಿದರು. ಶೇಂಗಾ ಚೀಲಗಳ ನಡುವೆ ಹಾಸಿಗೆ ಬಿಚ್ಚುತ್ತ ದೊಡ್ಡಪ್ಪ ಗೊಣಗಿದ:

"ಮನಿ ಕಟ್ಟಿಸಿದಾಂವ ನಾನು, ಸಂಸಾರ ಗೂಗೀದು!"

ದೀಪಾವಳಿ ಹತ್ತಿರ ಬಂತು. ಒಂದು ಮಧ್ಯಾಹ್ನ ನಾನೂ ದೊಡ್ಡವ್ವನೂ ಹಿತ್ತಲಲ್ಲಿ ಕೂತಿದ್ದಾಗ ಅಪರಿಚಿತನೊಬ್ಬ ಗೋಣಿಚೀಲ ಹಿಡಿದು ಒಳಗೆ ಬಂದ. ಸೊಂಟದಲ್ಲಿ ಕುಡುಗೋಲಿತ್ತು.

"ನಿಮ್ಮನ್ಯಾಗ ಗೂಗಿ ಐತಂತ. ಕೀಲಿಕೈ ಕೊಡ್ರಿ, ಮರಿ ಸಮೇತ ಒಯ್ತೀನಿ. ನಿಮ್ಮ ಪೀಡಾ ಹೋಗ್ತೈತಿ."

"ಒಯ್ದು ಏನ ಮಾಡ್ತಿ?" ದೊಡ್ಡವ್ವ ಕೇಳಿದಳು.

"ಅಮಾಸಿಗೆ ಪೂಜಾ ಐತ್ರಿ."

ಎಂಥ ಪೂಜೆಯೆಂದು ನನಗೆ ಗೊತ್ತಿತ್ತು. ಅಮಾವಾಸ್ಯೆಗೆ ಗೂಬೆ ಬಲಿ ಕೊಡುವವರಿಗೆ ಕದ್ದು ಮಾರುತ್ತಾರೆ. ಅಪರಾಧ, ಜೈಲಾಗುತ್ತದೆ ಎಂದು ಗದರಿಸಬೇಕೆಂದುಕೊಂಡೆ. ಕುಡುಗೋಲು ನೋಡಿ ದೊಡ್ಡವ್ವನ ಹಿಂದಕ್ಕೆ ಸರಿದೆ. ಅದಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ದೊಡ್ಡವ್ವನಿಗೆ. ಕೀಲಿಕೈ ಕೊಟ್ಟರೆ ಸಾಕು, ಅವಳ ಮನೆ ಅವಳಿಗೆ ಸಿಗುತ್ತಿತ್ತು. ಇವಳು ಕೊಡದೇ ಇರುತ್ತಾಳೆಯೇ?

ದೊಡ್ಡವ್ವ ಎದ್ದು ನಿಂತಳು. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಕೀಲಿಕೈಯನ್ನು ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.

"ಮನಿ ನಂದು, ಪೀಡಾನೂ ನಂದೇ. ನೀ ನಡಿ. ಇಲ್ಲಾಂದ್ರ ಓಣಿ ಮಂದಿಗೆಲ್ಲ ಕೇಳೂಹಂಗ ಚೀರ್ತೀನಿ!"

ಚೀರುವುದರಲ್ಲಿ ಅವಳನ್ನು ಮೀರಿಸುವವರುಂಟೇ? ಅವನು ಗೊಣಗುತ್ತ ಹೊರಟುಹೋದ.

ಹಿಂದಿನ ಬಾಗಿಲಿನಾಚೆ, ಅಟ್ಟದ ಮೇಲೆ ಮರಿಗಳು ಗಾಬರಿಯಿಂದ ಬುಸುಗುಡುತ್ತಿದ್ದವು. ದೊಡ್ಡವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು:

"ಅಂಜಬ್ಯಾಡ್ರೋ ಕೂಸುಗಳಿರಾ, ನಾ ಇಲ್ಲೇ ಅದೀನಿ."